ಮನೆ ಏಳುವ ಹೊತ್ತಿಗೆ ಅಂಗಳದ ಮಣ್ಣು ಸಾಯದಿರಲಿ

ಗೃಹಪ್ರವೇಶ ಮುಗಿದ ಆರು ತಿಂಗಳಿಗೆ ನನ್ನ ವಾಟ್ಸಾಪ್‌ಗೆ ಬರುವ ಫೋಟೋಗಳು ಹೆಚ್ಚುಕಮ್ಮಿ ಒಂದೇ ಥರ ಇರ್ತವೆ. ಹಿಂದೆ ಬಣ್ಣ ಹೊಡೆದ ಹೊಸ ಮನೆ, ಮುಂದೆ ಬೋಳು ನೆಲ. "ಸರ್, ಎರಡು ಸಲ ಹುಲ್ಲು ಹಾಕಿದ್ವಿ, ಹಿಡೀತಾನೇ ಇಲ್ಲ. ಯಾವ ಗೊಬ್ಬರ ಕೊಡ್ಬೇಕು?" ಅಂತ ಕೆಳಗೊಂದು ಪ್ರಶ್ನೆ. ಇದು ಗೊಬ್ಬರದ ಪ್ರಶ್ನೆಯೇ ಅಲ್ಲ. ಆ ನೆಲದ ಮೇಲೆ ವರ್ಷವಿಡೀ ಏನೇನು ಓಡಾಡಿತು, ಏನೇನು ಸುರಿಯಿತು ಅಂತ ಕೇಳಿದರೆ ಉತ್ತರ ಅಲ್ಲೇ ಇರುತ್ತೆ.

ಪೇಟೆಯ ಸೈಟಿನಲ್ಲಿ ಮನೆ ಕಟ್ಟುವವರಿಗೆ ಇದು ದೊಡ್ಡ ವಿಷಯ ಅಲ್ಲ. ಮಣ್ಣು ಉಳಿಯುವುದೇ ಕಾಂಪೌಂಡ್ ಪಕ್ಕ ಎರಡಡಿ. ಆದರೆ ಜಮೀನಿನಲ್ಲೇ ಮನೆ, ಕೊಟ್ಟಿಗೆ, ಗೋದಾಮು ಕಟ್ಟುವ ನಮ್ಮಂಥವರ ಕಥೆ ಬೇರೆ. ಹತ್ತು ಚದರದ ಮನೆ ಅಂದರೆ ಸಾವಿರ ಚದರಡಿ, ಒಂದು ಗುಂಟೆಗೂ ಕಮ್ಮಿ. ನಾನು ನೋಡಿದ ಮಟ್ಟಿಗೆ ಅದರ ಸುತ್ತ ಹಾಳಾಗುವ ನೆಲ ಮೂರು ನಾಲ್ಕು ಗುಂಟೆ. ಅಲ್ಲಿ ಹುಲ್ಲುಹಾಸು ಇರಬಹುದು, ನೇಪಿಯರ್ ಮಡಿ ಇರಬಹುದು, ನಾಲ್ಕು ತೆಂಗು ಇರಬಹುದು. ಎಲ್ಲಕ್ಕೂ ಪೆಟ್ಟು ಬೀಳೋದು ಒಂದೇ ರೀತಿ.

ತೂಕದ ಲೆಕ್ಕ

ಸಾಮಾನ್ಯವಾಗಿ ನಮ್ಮೂರುಗಳಿಗೆ ಬರುವ ಜೆಸಿಬಿಯ ತೂಕ ಸುಮಾರು ಏಳೂವರೆ ಟನ್. ಲೋಡ್ ತುಂಬಿದ ಆರು ಚಕ್ರದ ಟಿಪ್ಪರ್ 16ರಿಂದ 18 ಟನ್. ಹತ್ತು ಚಕ್ರದ್ದು 25 ಟನ್ ದಾಟುತ್ತೆ. ಇಷ್ಟು ಭಾರ ಹರಿದಾಗ ಮಣ್ಣಿನ ಕಣಗಳ ನಡುವಿನ ಗಾಳಿ-ನೀರಿನ ಸಂದುಗಳು ಮುಚ್ಚಿಹೋಗ್ತವೆ. ಮೇಲಿಂದ ನೋಡಿದರೆ ಚಕ್ರದ ಗುರುತು ಅಷ್ಟೇ. ಪೆಟ್ಟು ಇಳಿದಿರೋದು ಅಡಿಗಿಂತ ಕೆಳಗೆ, ನೇಗಿಲು ಮುಟ್ಟದ ಜಾಗಕ್ಕೆ. ಇನ್ನೊಂದು ವಿಷಯ, ಹೆಚ್ಚಿನ ಹಾನಿ ಆಗೋದು ಮೊದಲ ಒಂದೆರಡು ಓಡಾಟದಲ್ಲೇ. "ಒಂದೇ ಒಂದ್ಸಲ ಈ ಕಡೆಯಿಂದ ಹೋಗಿಬಿಡ್ತೀನಣ್ಣ" ಅಂತ ಡ್ರೈವರ್ ಕೇಳಿದರೆ ಹೂಂ ಅನ್ನೋ ಮೊದಲು ಇದನ್ನು ನೆನಪಿಟ್ಟುಕೊಳ್ಳಿ. ದಿನಾ ಓಡಾಡುವ ದಾರಿಯಲ್ಲಿ ನೂರನೇ ಟ್ರಿಪ್ ಮಾಡುವ ಹಾನಿಗಿಂತ ಹೊಸ ನೆಲದ ಮೇಲಿನ ಆ ಒಂದು ಟ್ರಿಪ್ಪಿನ ಹಾನಿ ದೊಡ್ಡದು.

ಒದ್ದೆ ಮಣ್ಣಾದರೆ ಇನ್ನೂ ಕೆಟ್ಟದು. ಉಳುಮೆಗೆ ಹದ ನೋಡುವ ನಾವು ಟಿಪ್ಪರಿಗೆ ಮಾತ್ರ ಹದ ನೋಡಲ್ಲ. ಅರ್ಧ ಅಡಿ ಕೆಳಗಿನ ಮಣ್ಣು ತೆಗೆದು ಮುಷ್ಟಿಯಲ್ಲಿ ಉಂಡೆ ಮಾಡಿ, ಹೆಬ್ಬೆರಳಿನಲ್ಲಿ ಒತ್ತಿ. ಪುಡಿಯಾದರೆ ಗಾಡಿ ಬರಲಿ. ಮೇಣದ ಥರ ಚಪ್ಪಟೆಯಾದರೆ ಜಲ್ಲಿ ಲೋಡು ಮೂರು ದಿನ ಬಿಟ್ಟೇ ಬರಲಿ. ಎರೆ ಭೂಮಿಯವರಿಗೆ ಮೂರು ದಿನ ಸಾಲೋದಿಲ್ಲ. ಆದರೆ ಎರೆ ಮಣ್ಣಿಗೆ ಒಂದು ಗುಣ ಇದೆ. ಬೇಸಿಗೆಯಲ್ಲಿ ಬಿರಿದು, ಮಳೆಗೆ ಉಬ್ಬಿ, ತನ್ನನ್ನು ತಾನೇ ಸ್ವಲ್ಪ ಸಡಿಲ ಮಾಡ್ಕೊಳ್ಳುತ್ತೆ. ತುಮಕೂರು, ಹಾಸನ, ಕೋಲಾರ ಕಡೆಯ ಕೆಂಪು ಮಣ್ಣಿಗೆ ಆ ಭಾಗ್ಯ ಇಲ್ಲ. ಒಮ್ಮೆ ಗಟ್ಟಿಯಾದರೆ ಹಾಗೇ ಕೂತುಬಿಡುತ್ತೆ.

ಗೋಡೆಗೆ ಹೊಡೆದ ಕ್ಯೂರಿಂಗ್ ನೀರು ಹರಿದು ಗಾಡಿ ದಾರಿಗೆ ಬರೋದನ್ನು ಬಹಳ ಕಡೆ ನೋಡಿದ್ದೇನೆ. ಬೇಸಿಗೆಯಲ್ಲಿ ಕಟ್ಟಿಸಿದರೂ ದಾರಿ ಮಾತ್ರ ಮಳೆಗಾಲದ ಹಾಗೆ ಕೆಸರು. ಒಂದು ಸಣ್ಣ ಕಾಲುವೆ ತೋಡಿ ಆ ನೀರನ್ನು ಬೇರೆ ಕಡೆ ತಿರುಗಿಸಿದರೆ ಮುಗೀತು.

ಒಂದೇ ದಾರಿ

ಕೆಲಸ ಶುರುವಾಗುವ ಮುಂಚೆ 12 ಅಡಿ ಅಗಲದ ಒಂದು ದಾರಿ, ಗಾಡಿ ತಿರುಗಿಸೋಕೆ ಒಂದು ಜಾಗ, ಸಾಮಾನು ಇಳಿಸೋಕೆ ಒಂದು ಜಾಗ, ಇಷ್ಟನ್ನು ಗುರುತು ಮಾಡಿ. ಮುಂದೆ ಹೇಗೂ ಮನೆಗೆ ರಸ್ತೆ ಬೇಕಲ್ಲ, ಆ ಜಾಗವೇ ಈಗಿನ ದಾರಿಯಾಗಲಿ. ಮಿಕ್ಕ ಕಡೆಯೆಲ್ಲ ಅಡಿಕೆ ದಬ್ಬೆ ನೆಟ್ಟು ಹಗ್ಗ ಕಟ್ಟಿ. ಸುಣ್ಣದ ಗೆರೆ ಹಾಕಿದರೆ ಯಾರೂ ನೋಡಲ್ಲ, ಹಗ್ಗ ಇದ್ದರೆ ಡ್ರೈವರ್ ನಿಂತು ಕೇಳ್ತಾನೆ. ಗೇಟಿನ ಲೊಕೇಶನ್ ಪಿನ್ ಜೊತೆಗೆ, ದಾರಿಯ ಒಂದು ಫೋಟೋಗೆ ಬಾಣದ ಗುರುತು ಹಾಕಿ ಮರಳು, ಜಲ್ಲಿ, ಇಟ್ಟಿಗೆಯವರಿಗೆಲ್ಲ ಮೊದಲೇ ಕಳಿಸಿಬಿಡಿ. ರಾತ್ರಿ ಹನ್ನೊಂದಕ್ಕೆ ಬಂದು ತೋಟದೊಳಗೆ ಗಾಡಿ ತಿರುಗಿಸುವ ಟಿಪ್ಪರಿಗೆ ಇದೇ ಮದ್ದು.

ಕಂಟ್ರಾಕ್ಟರ್ ಜೊತೆಗಿನ ಕರಾರಿನಲ್ಲಿ ಎರಡು ಸಾಲು ಸೇರಿಸಿ. ಗುರುತು ಮಾಡಿದ ದಾರಿ ಬಿಟ್ಟು ಗಾಡಿ ಹೋಗಬಾರದು. ಕೊನೆಯ ಕಂತು ಕೊಡೋದು ಜಲ್ಲಿ, ಗಾರೆ ಚೂರು, ತಂತಿ ಎಲ್ಲ ಎತ್ತಿದ ಮೇಲೆ. ಬಾಯಿಮಾತಿನಲ್ಲಿ ಇದು ನಡೆಯೋದಿಲ್ಲ. ಕೆಲಸಕ್ಕೆ ಮುಂಚಿನ ನೆಲದ ಫೋಟೋ, ದಿನಾಂಕ ಸಮೇತ, ಫೋನಿನಲ್ಲಿ ಇರಲಿ.

ಮೇಲ್ಮಣ್ಣು ಮಾರಬೇಡಿ, ಪಾಯಕ್ಕೂ ತುಂಬಬೇಡಿ

ನನಗೆ ತುಂಬಾ ಹೊಟ್ಟೆ ಉರಿಯೋದು ಇಲ್ಲೇ. ಪಾಯ ತೆಗೆಯುವಾಗ ಜೆಸಿಬಿಯವನು ಮೇಲಿನ ಕಪ್ಪು ಮಣ್ಣು, ಕೆಳಗಿನ ಗರಸು ಎಲ್ಲ ಒಂದೇ ಗುಡ್ಡೆ ಹಾಕ್ತಾನೆ. ಆಮೇಲೆ ಅದನ್ನೇ ಪಾಯದೊಳಗೆ ತುಂಬಿ, ಉಳಿದದ್ದನ್ನು ಅಂಗಳಕ್ಕೆ ಹರಡ್ತಾರೆ. ಮೇಲೆ ಬಂದು ಕೂರೋದು ಗರಸು. ಅದರಲ್ಲಿ ಹುಲ್ಲು ಹೇಗೆ ಬರಬೇಕು? ಹತ್ತಾರು ತಲೆಮಾರು ಗೊಬ್ಬರ ಹೊಡೆದ ಮಣ್ಣು ಮನೆಯ ನೆಲದಡಿ ಸೇರಿಹೋಗಿರುತ್ತೆ.

ಒಂದು ಗುಂಟೆ ಅಂದರೆ 1089 ಚದರಡಿ. ಅರ್ಧ ಅಡಿ ಕೆರೆದರೆ 540 ಘನ ಅಡಿ ಮೇಲ್ಮಣ್ಣು. ನೂರು ಘನ ಅಡಿಯ ಟ್ರ್ಯಾಕ್ಟರ್ ಲೋಡಿನಲ್ಲಿ ಐದೂವರೆ ಲೋಡ್. ಮೊದಲ ದಿನ ಜೆಸಿಬಿಗೆ ಹೇಳಿ ಇಷ್ಟನ್ನು ಮಾತ್ರ ತೆಳ್ಳಗೆ ಕೆರೆಸಿ ದೂರ ಒಂದು ಕಡೆ ಹಾಕಿಸಿ. ಗುಡ್ಡೆ ನಾಲ್ಕಡಿಗಿಂತ ಎತ್ತರ ಬೇಡ, ಒಳಗೆ ಗಾಳಿ ಆಡದೆ ಮಣ್ಣಿನ ಜೀವ ಹೋಗುತ್ತೆ. ಅದರ ಮೇಲೆ ಹುರುಳಿ ಅಥವಾ ಸೆಣಬು ಚೆಲ್ಲಿ. ಮಳೆಗೆ ಕೊಚ್ಚಿಹೋಗಲ್ಲ, ಕಳೆಯೂ ಕಮ್ಮಿ.

ಹುಲ್ಲುಹಾಸು ಈಗಾಗಲೇ ಇದ್ದರೆ

ಮನೆಗೆ ಇನ್ನೊಂದು ರೂಮು ಸೇರಿಸೋರು, ಮೇಲಂತಸ್ತು ಎತ್ತೋರು, ಹೋಮ್‌ಸ್ಟೇ ದೊಡ್ಡದು ಮಾಡೋರು ಇದನ್ನು ಓದಿ. ಕೈಗಾಡಿ, ತಲೆಹೊರೆ ಓಡಾಟಕ್ಕೆ ಹಲಗೆ ಸಾಕು, ಆದರೆ ಹಲಗೆಯನ್ನು ವಾರಗಟ್ಟಲೆ ಒಂದೇ ಕಡೆ ಬಿಡಬೇಡಿ. ಎರಡು ಮೂರು ದಿನ ಬಿಸಿಲು ಕಾಣದಿದ್ದರೆ ಹುಲ್ಲು ಹಳದಿಯಾಗುತ್ತೆ. ಸಂಜೆ ಎತ್ತಿಟ್ಟು ಬೆಳಿಗ್ಗೆ ಹಾಸೋದು ಒಳ್ಳೇದು. ತಿಂಗಳುಗಟ್ಟಲೆ ಗಾಡಿ ಓಡುವ ಜಾಗವಾದರೆ ಹುಲ್ಲಿನ ಆಸೆ ಬಿಟ್ಟು ಮಣ್ಣು ಉಳಿಸಿಕೊಳ್ಳಿ. ತೆಂಗಿನ ಸಿಪ್ಪೆ, ಸೋಗೆಯನ್ನು ಅಡಿಯಷ್ಟು ದಪ್ಪ ಹಾಸಿ ಅದರ ಮೇಲೆ ಹಲಗೆ ಹಾಕಿದರೆ ಭಾರ ಹರಡಿಕೊಳ್ಳುತ್ತೆ.

ದುಡ್ಡು ಕೊಟ್ಟು ತಂದ ಮೆಕ್ಸಿಕನ್ ಹುಲ್ಲಾದರೆ ಎರಡಿಂಚು ಮಣ್ಣಿನ ಸಮೇತ ಅಡಿ ಅಡಿ ಚೌಕ ಕತ್ತರಿಸಿ ಎತ್ತಿ, ಅದೇ ದಿನ ಬೇರೆ ಕಡೆ ಕೂರಿಸಿ ನೀರು ಕೊಡಿ. ಅದು ನಿಧಾನದ ಹುಲ್ಲು, ಪೆಟ್ಟು ತಿಂದರೆ ಬೇಗ ಏಳಲ್ಲ. ನಮ್ಮ ಗರಿಕೆಗೆ ಇಷ್ಟು ಉಪಚಾರ ಬೇಕಾಗಿಲ್ಲ. ಮೇಲೆ ಒಣಗಿದರೂ ಕೆಳಗಿನ ಬೇರುಗಡ್ಡೆಯಿಂದ ಚಿಗುರುತ್ತೆ. ಮಣ್ಣು ಸಡಿಲ ಇರಬೇಕು ಅಷ್ಟೇ.

ಸಿಮೆಂಟ್ ನೀರು ಮತ್ತು ಮರದ ನೆರಳು

ಹಸಿ ಸಿಮೆಂಟಿನ ಪಿಎಚ್ 12ಕ್ಕಿಂತ ಮೇಲೆ. ನಮ್ಮ ಬಹುತೇಕ ಬೆಳೆಗಳಿಗೆ ಬೇಕಾದ್ದು 6ರಿಂದ 7.5. ಮಿಕ್ಸರ್, ಬಾಂಡ್ಲಿ ತೊಳೆದ ನೀರು ಒಂದೇ ಕಡೆ ಬೀಳ್ತಾ ಇದ್ದರೆ ಅಲ್ಲಿ ಗಿಡಕ್ಕೆ ಕಬ್ಬಿಣದ ಅಂಶ ಸಿಗಲ್ಲ. ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿಯುತ್ತೆ. ಆರಡಿ ಉದ್ದ, ನಾಲ್ಕಡಿ ಅಗಲ, ಎರಡಡಿ ಆಳದ ಗುಂಡಿ ತೆಗೆದು ಹಳೇ ಟಾರ್ಪಾಲ್ ಹಾಸಿ, ತೊಳೆಯೋದೆಲ್ಲ ಅಲ್ಲೇ ಅಂತ ಮೇಸ್ತ್ರಿಗೆ ಹೇಳಿ. ಗಟ್ಟಿಯಾದ ಚೂರನ್ನು ಒಡೆದು ನೆಲದಡಿ ತುಂಬೋಕೆ ಬಳಸಬಹುದು.

ಕೆಲಸದವರು ಗಾರೆ ಕಲಸೋದು ಎಲ್ಲಿ? ಮಾವಿನ ಮರದ ಬುಡದಲ್ಲಿ. ಯಾಕೆ ಅಂದರೆ ಅಲ್ಲೇ ನೆರಳಿರೋದು. ಅವರನ್ನು ಬೈದು ಪ್ರಯೋಜನ ಇಲ್ಲ. ಬೇರೆ ಕಡೆ ನಾಲ್ಕು ಗಳ ನೆಟ್ಟು ಶೇಡ್‌ನೆಟ್ ಕಟ್ಟಿಕೊಡಿ. ಮರ ಆಹಾರ ಹೀರುವ ಬೇರುಗಳು ಹೆಚ್ಚಾಗಿ ಮೇಲಿನ ಒಂದು ಒಂದೂವರೆ ಅಡಿಯಲ್ಲೇ ಇರ್ತವೆ. ಕಾಂಡದ ಅಡ್ಡಳತೆ ಒಂದಿಂಚಿಗೆ ಒಂದಡಿಯಂತೆ ಸುತ್ತ ಜಾಗ ಬಿಡಬೇಕು, ಅಂದರೆ ಒಂದೂವರೆ ಅಡಿ ದಪ್ಪದ ಮರಕ್ಕೆ 18 ಅಡಿ. ತೆಂಗಿಗೆ ಕನಿಷ್ಠ ಆರಡಿ ತ್ರಿಜ್ಯದ ಪಾತಿ ಮುಟ್ಟದೆ ಬಿಡಿ, ಅಂದರೆ ಬುಡದಿಂದ ಎಲ್ಲ ಕಡೆಗೂ ಆರಡಿ. ಅಗೆದ ಮಣ್ಣನ್ನು ಬುಡಕ್ಕೆ ಏರಿಸಬೇಡಿ.

ಅಡಿಕೆ ತೋಟದವರು ಗಮನಿಸಿ: ದಾರಿಗೆ ಅಂತ ಪಶ್ಚಿಮದ ಒಂದು ಸಾಲು ಕಡಿದರೆ, ನೆರಳಲ್ಲಿದ್ದ ಪಕ್ಕದ ಸಾಲಿನ ಕಾಂಡಕ್ಕೆ ಮಧ್ಯಾಹ್ನದ ಬಿಸಿಲು ನೇರ ಹೊಡೆದು ಸಿಪ್ಪೆ ಬಿರಿಯುತ್ತೆ. ಕಡಿದ ವಾರದಲ್ಲೇ ಸುಣ್ಣ ಬಳಿಯಿರಿ, ಇಲ್ಲ ಸೋಗೆ ಸುತ್ತಿ.

ತಂತಿ ಚೂರು

ಹಸು ಇರುವ ಮನೆಯವರು ಇದನ್ನು ಹಗುರವಾಗಿ ತಗೊಳ್ಳಬೇಡಿ. ಕಂಬಿ ಕಟ್ಟುವ ಬೈಂಡಿಂಗ್ ವೈರಿನ ತುಂಡು, ಮೊಳೆ ಹುಲ್ಲಿನಲ್ಲಿ ಸೇರಿದರೆ ಹಸು ಮೇವಿನ ಜೊತೆ ನುಂಗುತ್ತೆ. ಅದು ಹೊಟ್ಟೆಯ ಮುಂಭಾಗದಲ್ಲಿ ಕೂತು, ಗೋಡೆ ಚುಚ್ಚಿಕೊಂಡು ಹೃದಯದ ಚೀಲದವರೆಗೂ ಹೋಗಬಹುದು. ಮೇವು ಬಿಡೋದು, ಹಾಲು ಇಳಿಯೋದು, ಬೆನ್ನು ಗೂನು ಮಾಡಿ ನಿಲ್ಲೋದು ಕಂಡರೆ ತಡ ಮಾಡದೆ ಪಶುವೈದ್ಯರನ್ನು ಕರೆಸಿ. ಅಷ್ಟು ದೂರ ಹೋಗೋದು ಬೇಡ ಅಂದರೆ ಹಳೇ ಸ್ಪೀಕರಿನ ಅಯಸ್ಕಾಂತಕ್ಕೆ ಹಗ್ಗ ಕಟ್ಟಿ, ಕಂಬಿ ಕೆಲಸ ಆದ ಜಾಗವನ್ನೆಲ್ಲ ಎರಡೆರಡು ಸಲ ಎಳೆಯಿರಿ. ಎಷ್ಟು ಸಿಗುತ್ತೆ ಅಂತ ನೋಡಿದರೆ ನಿಮಗೇ ಭಯ ಆಗುತ್ತೆ. ಅಲ್ಲಿಯವರೆಗೂ ಆ ಕಡೆಯ ಹುಲ್ಲು ಕೊಯ್ಯಬೇಡಿ.

ಮತ್ತೆ ಎಬ್ಬಿಸೋದು

ಗಟ್ಟಿಯಾದ ಜಾಗ ಪತ್ತೆ ಮಾಡೋಕೆ ಆರಿಂಚಿನ ಪಿವಿಸಿ ಪೈಪಿನ ತುಂಡನ್ನು ಎರಡು ಮೂರಿಂಚು ನೆಲಕ್ಕೆ ಹೊಡೆದು ಒಂದು ಲೀಟರ್ ನೀರು ಹಾಕಿ, ಫೋನಿನಲ್ಲಿ ಸಮಯ ನೋಡಿ. ಇದನ್ನೇ ಗಾಡಿ ಹೋಗದ ಕಡೆಯೂ ಮಾಡಿ ಹೋಲಿಸಿ. ವ್ಯತ್ಯಾಸ ಜಾಸ್ತಿ ಇದ್ದರೆ ರೋಟವೇಟರ್ ಹೊಡೆಯೋದರಿಂದ ಏನೂ ಆಗಲ್ಲ, ಅದು ಮೇಲಿನ ಕೆಲವು ಇಂಚು ಮಾತ್ರ ಪುಡಿ ಮಾಡುತ್ತೆ. ಏಪ್ರಿಲ್-ಮೇನಲ್ಲಿ, ಮಣ್ಣು ಪೂರ್ತಿ ಒಣಗಿರುವಾಗ, ಮರಗಳಿಂದ ದೂರ ಸಬ್‌ಸಾಯಿಲರ್ ಹೊಡೆಸಿ. ಅದರ ಮೇಲೆ, ಎತ್ತಿಟ್ಟ ಮೇಲ್ಮಣ್ಣನ್ನು ದೂರದ ತುದಿಯಿಂದ ಹಿಂದಕ್ಕೆ ಬರ್ತಾ ಹರಡಿ. ಹರಡಿದ ಜಾಗದ ಮೇಲೆ ಮತ್ತೆ ಟ್ರ್ಯಾಕ್ಟರ್ ಹತ್ತಿಸಬೇಡಿ. ಕೊಟ್ಟಿಗೆ ಗೊಬ್ಬರ ಹಾಕಿ, ಮೊದಲ ಮಳೆಗಾಲ ತೊಗರಿ ಬಿತ್ತಿ. ಅದರ ತಾಯಿಬೇರು ಆಳಕ್ಕೆ ಇಳಿದು ದಾರಿ ಮಾಡಿಕೊಡುತ್ತೆ. ಹುಲ್ಲು ಮುಂದಿನ ಜೂನಿಗೆ. ಗರಿಕೆಯ ಬಳ್ಳಿಯನ್ನು ನಾಲ್ಕೈದಿಂಚಿನ ತುಂಡು ಮಾಡಿ, ಗೆಣ್ಣು ಮಣ್ಣೊಳಗೆ ಇರುವಂತೆ ಅರ್ಧ ಅಡಿಗೊಂದು ಚುಚ್ಚುತ್ತಾ ಹೋಗಿ. ನೆರಳಿದ್ದ ಕಡೆ ಗರಿಕೆ ಬರಲ್ಲ, ಅಲ್ಲಿಗೆ ಬಫಲೋ ಹುಲ್ಲು ಹಾಕಿ.