ಸಕ್ಕರೆ ಏರಿತು, ಸುಸ್ತು ಇಳಿಯಲಿಲ್ಲ

ಮಧುಮೇಹಿಗಳಿರುವ ಮನೆಯಲ್ಲಿ ‘ಲೋ ಆಗಿದೆ’, ಅಂದರೆ ರಕ್ತದಲ್ಲಿ ಸಕ್ಕರೆ ಇಳಿದಿದೆ ಎಂಬ ಮಾತು ಕೇಳಿದರೆ ಸಾಕು, ಎಲ್ಲರೂ ಎದ್ದು ಓಡಾಡತೊಡಗುತ್ತಾರೆ. ಒಬ್ಬರು ಸಕ್ಕರೆ ಡಬ್ಬಿ ತರುತ್ತಾರೆ, ಇನ್ನೊಬ್ಬರು ಗ್ಲುಕೋಮೀಟರ್ ಹುಡುಕುತ್ತಾರೆ. 58 ಇದ್ದದ್ದು 104ಕ್ಕೆ ಏರುತ್ತಿದ್ದಂತೆ ಮನೆಮಂದಿಗೆ ನಿರಾಳ. ಟಿ.ವಿ. ಮತ್ತೆ ಶುರುವಾಗುತ್ತದೆ. ಆದರೆ ಕುರ್ಚಿಯಲ್ಲಿ ಕೂತವರಿಗೆ ತಲೆಭಾರ ಇಳಿದಿರುವುದಿಲ್ಲ. ಕೈಕಾಲಲ್ಲಿ ಬಲವಿಲ್ಲ, ಹಾಸಿಗೆಗೆ ಬಿದ್ದರೆ ಸಾಕೆನ್ನುವಷ್ಟು ಸುಸ್ತು, ಯಾರು ಮಾತಾಡಿಸಿದರೂ ಸಿಟ್ಟು ಅಥವಾ ಅಳು. ಕೆಲವರಿಗೆ ಇದು ಗಂಟೆಗಟ್ಟಲೆ ಕಾಡುತ್ತದೆ. ಸಕ್ಕರೆ ತೀರಾ ಇಳಿದಿದ್ದರೆ ಮರುದಿನಕ್ಕೂ ಉಳಿಯುತ್ತದೆ.

2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ ಮಧುಮೇಹಿಗಳ ಸಂಖ್ಯೆ 10 ಕೋಟಿ ದಾಟಿದೆ. ಇವರಲ್ಲಿ ಇನ್ಸುಲಿನ್ ಚುಚ್ಚಿಕೊಳ್ಳುವವರಿಗೆ, ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಂಥ ಮಾತ್ರೆ ನುಂಗುವವರಿಗೆ ‘ಲೋ’ ಆಗುವ ಸಂಭವ ಹೆಚ್ಚು. ಸಕ್ಕರೆ ಏರದಂತೆ ನೋಡಿಕೊಳ್ಳುವ ಬಗ್ಗೆ ಇವರಿಗೆ ಎಲ್ಲರೂ ಬುದ್ಧಿ ಹೇಳುತ್ತಾರೆ. ಇಳಿದು ಮೇಲೆದ್ದ ನಂತರದ ಗಂಟೆಗಳನ್ನು ಹೇಗೆ ಕಳೆಯಬೇಕೆಂದು ಹೇಳುವವರು ಕಡಿಮೆ.

ಮಿದುಳಿನ ಹಸಿವು

ನಮ್ಮ ಮೈತೂಕದಲ್ಲಿ ಮಿದುಳಿನ ಪಾಲು ಸುಮಾರು ಶೇ 2. ಆದರೆ ದೇಹದ ಶಕ್ತಿಯಲ್ಲಿ ಶೇ 20ರಷ್ಟನ್ನು ಅದೊಂದೇ ಬಳಸುತ್ತದೆ. ಅದಕ್ಕೆ ಬೇಕಾದ ಗ್ಲೂಕೋಸ್ ರಕ್ತದಿಂದಲೇ ಕ್ಷಣಕ್ಷಣವೂ ಬರಬೇಕು, ಕೂಡಿಟ್ಟುಕೊಳ್ಳುವ ಅನುಕೂಲ ಇಲ್ಲವೆನ್ನುವಷ್ಟು ಕಡಿಮೆ. ರಕ್ತದ ಸಕ್ಕರೆ ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗಿಳಿದಾಗ ಅಡ್ರಿನಲಿನ್ ನುಗ್ಗುತ್ತದೆ. ಕೈ ನಡುಕ, ಎದೆಬಡಿತ, ಬೆವರು, ತಡೆಯಲಾಗದ ಹಸಿವು ಅದರ ಲಕ್ಷಣಗಳು. 54ಕ್ಕಿಂತ ಕೆಳಗಿಳಿದರೆ ಮಿದುಳೇ ತಡವರಿಸುತ್ತದೆ. ಮಾತು ತೊದಲುತ್ತದೆ, ನಡೆದರೆ ಜೋಲಿ ಹೊಡೆಯುತ್ತದೆ. ಕುಡಿದಿದ್ದಾರೆ ಎಂದು ರಸ್ತೆಯಲ್ಲಿ ಜನ ದೂರ ಸರಿಯುವುದೂ ಉಂಟು.

ಇನ್ಸುಲಿನ್ ಹುಟ್ಟಿದ ದಿನಗಳಲ್ಲೇ ವಿಜ್ಞಾನಿಗಳು ಈ ಅಪಾಯವನ್ನು ಕಂಡಿದ್ದರು. ಟೊರಾಂಟೊದಲ್ಲಿ 1921-22ರಲ್ಲಿ ಜೇಮ್ಸ್ ಕಾಲಿಪ್ ಹೊಸ ಔಷಧವನ್ನು ಮೊಲಗಳಿಗೆ ಚುಚ್ಚಿ ಪರೀಕ್ಷಿಸುತ್ತಿದ್ದಾಗ, ಸಕ್ಕರೆ ಇಳಿದ ಮೊಲಗಳಿಗೆ ಸೆಳೆತ ಬರುತ್ತಿತ್ತು. ಗ್ಲೂಕೋಸ್ ಕೊಟ್ಟರೆ ಚೇತರಿಸಿಕೊಳ್ಳುತ್ತಿದ್ದವು.

ಮನುಷ್ಯರ ಚೇತರಿಕೆ ಎರಡು ಹಂತದ್ದು. ರಕ್ತದ ಸಕ್ಕರೆ ಬೇಗ ಸರಿಹೋಗುತ್ತದೆ. ಗಮನ, ನೆನಪು, ಕೈಯ ಹಿಡಿತ ಸರಿಹೋಗಲು ಇನ್ನೂ ಅರ್ಧ-ಮುಕ್ಕಾಲು ಗಂಟೆ, ಕೆಲವೊಮ್ಮೆ ಅದಕ್ಕೂ ಹೆಚ್ಚು ಬೇಕು. ಬ್ರಿಟನ್ನಿನಲ್ಲಿ ಇನ್ಸುಲಿನ್ ತೆಗೆದುಕೊಳ್ಳುವ ಚಾಲಕರು, ಸಕ್ಕರೆ ಸಹಜ ಮಟ್ಟಕ್ಕೆ ಬಂದ 45 ನಿಮಿಷದವರೆಗೆ ವಾಹನ ಓಡಿಸಬಾರದು ಎಂದಿರುವುದು ಇದೇ ಕಾರಣಕ್ಕೆ. ನಮ್ಮಲ್ಲೂ ಸ್ಕೂಟರ್ ಹತ್ತುವ ಮುನ್ನ ಅಷ್ಟು ಕಾಯುವುದು ಕ್ಷೇಮ.

ನನ್ನ ಸೋದರತ್ತೆ ಇನ್ಸುಲಿನ್ ಮೇಲಿದ್ದಾರೆ. ಒಮ್ಮೆ ಸಂಜೆ ‘ಲೋ’ ಆಗಿ ಸರಿಹೋದ ಮೇಲೆ, ಏನೂ ಆಗಿಲ್ಲವೆಂಬಂತೆ ಅಡುಗೆಮನೆಗೆ ಹೋದರು. ಹುಳಿಗೆ ಎರಡು ಸಲ ಉಪ್ಪು ಬಿತ್ತು. ಒಗ್ಗರಣೆ ಸೌಟು ಒಲೆ ಮೇಲಿಟ್ಟು, ಸಾಸಿವೆ ಡಬ್ಬಿ ಕೈಯಲ್ಲಿ ಹಿಡಿದು, ಮುಂದೇನು ಮಾಡಬೇಕೆಂದು ತೋಚದೆ ನಿಂತರು. ಎಣ್ಣೆ ಹೊಗೆಯಾಡುತ್ತಿತ್ತು. ಮೀಟರ್ ಮಾತ್ರ ಸರಿಯಾದ ಅಂಕಿಯನ್ನೇ ತೋರಿಸಿತ್ತು.

ಆ ಕೆಲವು ಗಂಟೆ

ಮೊದಲ ಕೆಲಸ 15 ಗ್ರಾಂ ಸಕ್ಕರೆ. ಮೂರು ಟೀ ಚಮಚ ಸಕ್ಕರೆಯನ್ನು ನೀರಲ್ಲಿ ಕದಡಿ ಕುಡಿದು, 15 ನಿಮಿಷ ಬಿಟ್ಟು ಪರೀಕ್ಷಿಸಬೇಕು. 70 ದಾಟದಿದ್ದರೆ ಮತ್ತೊಮ್ಮೆ. ಚಾಕೊಲೇಟ್, ಮೈಸೂರು ಪಾಕು ಬೇಡ. ಕೊಬ್ಬು, ತುಪ್ಪ ಇದ್ದರೆ ಸಕ್ಕರೆ ರಕ್ತಕ್ಕೆ ಸೇರುವುದು ತಡ. ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಮಾತ್ರೆ ತೆಗೆದುಕೊಳ್ಳುವವರಿಗೆ ಮನೆಯ ಸಕ್ಕರೆ ಬೇಗ ಕೆಲಸ ಮಾಡುವುದಿಲ್ಲ, ಗ್ಲೂಕೋಸ್ ಪುಡಿಯೇ ಆಗಬೇಕು. ಇಂಥವರ ಮನೆಯಲ್ಲಿ ಅದು ಸದಾ ಇರಲಿ.

ಸಕ್ಕರೆ ಏರಿದ ಮೇಲೆ, ಊಟಕ್ಕೆ ಹೊತ್ತಿದ್ದರೆ ಎರಡು ಇಡ್ಲಿಯೋ ಒಂದು ಚಪಾತಿಯೋ ತಿನ್ನಿ. ಆಗಿನ ಹಸಿವನ್ನು ನಂಬಿ ಕಂಡದ್ದೆಲ್ಲ ತಿಂದರೆ ಸಕ್ಕರೆ ಮುನ್ನೂರಕ್ಕೆ ಹಾರಿ, ಸುಸ್ತಿನ ಮೇಲೆ ಇನ್ನೊಂದು ಸುಸ್ತು. ಒದ್ದೆ ಬಟ್ಟೆ ಬದಲಿಸಿ, ನೀರು ಕುಡಿದು ಮಲಗಿ. ಒಲೆ, ಈಳಿಗೆಮಣೆ, ಹಣದ ಲೆಕ್ಕ ಒಂದು ಗಂಟೆ ಕಾಯಲಿ. ಜೋರು ವಾಕಿಂಗ್ ಅಂದು ಬೇಡ. ಮುಂದಿನ ಇನ್ಸುಲಿನ್ ಪ್ರಮಾಣವನ್ನು ವೈದ್ಯರನ್ನು ಕೇಳಿಯೇ ನಿರ್ಧರಿಸಿ.

ಒಮ್ಮೆ ‘ಲೋ’ ಆದ ನಂತರದ ಒಂದೆರಡು ದಿನ ಹೆಚ್ಚು ಎಚ್ಚರ ಬೇಕು. ದೇಹದ ಎಚ್ಚರಿಕೆಯ ಗಂಟೆ ಆಗ ಮೆಲ್ಲಗೆ ಬಾರಿಸುತ್ತದೆ, ನಡುಕ ಬೆವರಿಲ್ಲದೆ ಸಕ್ಕರೆ ಮತ್ತೆ ಇಳಿಯಬಹುದು. ಮಲಗುವ ಮುನ್ನ, ಅಗತ್ಯವಿದ್ದರೆ ನಡುರಾತ್ರಿಯಲ್ಲೂ ಪರೀಕ್ಷಿಸಿ. ಪದೇ ಪದೇ ‘ಲೋ’ ಆಗುವವರಲ್ಲಿ ಲಕ್ಷಣಗಳೇ ಕಾಣದೆ ಹೋಗಬಹುದು. ಕೆಲವು ವಾರ ಸಕ್ಕರೆ ಇಳಿಯದಂತೆ ಜಾಗ್ರತೆ ವಹಿಸಿದರೆ ಆ ಗ್ರಹಿಕೆ ಎಷ್ಟೋ ಮಂದಿಗೆ ಮರಳುತ್ತದೆ. ಬೆಳಿಗ್ಗೆ ತಲೆನೋವು, ಒದ್ದೆಯಾದ ದಿಂಬು, ಕೆಟ್ಟ ಕನಸುಗಳ ನೆನಪು ಇದ್ದರೆ ರಾತ್ರಿ ಸಕ್ಕರೆ ಇಳಿದಿತ್ತೇ ಎಂದು ವೈದ್ಯರೊಡನೆ ಚರ್ಚಿಸಬೇಕು.

ಎಲ್ಲವೂ ಬರೀ ಸುಸ್ತಲ್ಲ

ಸಕ್ಕರೆ ಸರಿಯಾದ ಮೇಲೂ ಗೊಂದಲ ಹಾಗೇ ಇದ್ದರೆ, ಒಂದು ಪಕ್ಕದ ಕೈಕಾಲು ಸೋತರೆ, ಬಿದ್ದು ತಲೆಗೆ ಪೆಟ್ಟಾಗಿದ್ದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ತೆಗೆದುಕೊಳ್ಳುವ ವೃದ್ಧರಲ್ಲಿ, ಕಿಡ್ನಿ ದುರ್ಬಲವಾದವರಲ್ಲಿ ಮಾತ್ರೆಯ ಪರಿಣಾಮ ಬಹಳ ಹೊತ್ತು ಇರುವುದರಿಂದ, ಏರಿದ ಸಕ್ಕರೆ ಮತ್ತೆ ಇಳಿಯಬಹುದು. ‘ಈಗ ಸರಿಹೋಯಿತಲ್ಲ’ ಎಂದು ಮನೆಯಲ್ಲೇ ಉಳಿಯುವುದು ಇವರಿಗೆ ಅಪಾಯ. ಪ್ರಜ್ಞೆ ತಪ್ಪಿದವರ ಬಾಯಿಗೆ ಸಕ್ಕರೆ ನೀರು ಹುಯ್ಯಲೇಬಾರದು, ಅದು ಶ್ವಾಸಕೋಶಕ್ಕೆ ಇಳಿದೀತು. ಪಕ್ಕಕ್ಕೆ ಹೊರಳಿಸಿ ಮಲಗಿಸಿ 108ಕ್ಕೆ ಕರೆ ಮಾಡಿ.

ಬೈಯುವ ಹೊತ್ತಲ್ಲ

ಮನೆಯಲ್ಲೇ ಇನ್ಸುಲಿನ್ ಚುಚ್ಚಿಕೊಂಡು ಮದುವೆಗೆ ಹೋದವರಿಗೆ ಮೊದಲ ಪಂಕ್ತಿಯಲ್ಲಿ ಜಾಗ ಸಿಗದೆ ಊಟ ತಡವಾಗುತ್ತದೆ. ಏಕಾದಶಿ, ಶಿವರಾತ್ರಿ ಉಪವಾಸದ ದಿನ ಮಾತ್ರೆ ತಪ್ಪಿಸದೆ ಊಟ ಮಾತ್ರ ಬಿಡುವವರಿದ್ದಾರೆ. ಸಕ್ಕರೆ ಇಳಿಯುವುದು ಬಹುಪಾಲು ಇಂಥ ಸಾಮಾನ್ಯ ಕಾರಣಗಳಿಗೇ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಆದರೂ ‘ಹೊತ್ತಿಗೆ ಸರಿಯಾಗಿ ತಿಂದಿದ್ದರೆ ಹೀಗಾಗುತ್ತಿತ್ತಾ?’ ಎಂಬ ಮಾತು ಸುಸ್ತಾದವರ ಕಿವಿಗೇ ಮೊದಲು ಬೀಳುತ್ತದೆ. ಇದಕ್ಕೆ ಅಂಜಿ ಎಷ್ಟೋ ಜನ ‘ಲೋ’ ಆದದ್ದನ್ನೇ ಮುಚ್ಚಿಡುತ್ತಾರೆ. ಇನ್ನು ಕೆಲವರು ಮತ್ತೆ ಇಳಿದೀತೆಂಬ ಭಯಕ್ಕೆ ಔಷಧ ತಪ್ಪಿಸಿ, ಬೇಕೆಂದೇ ಸಕ್ಕರೆ ಏರಿಸಿಕೊಂಡಿರುತ್ತಾರೆ. ಅದರ ಬೆಲೆಯನ್ನು ಕಣ್ಣು, ಕಿಡ್ನಿ, ಕಾಲು ತೆರಬೇಕಾಗುತ್ತದೆ.

ಮನೆಯವರೇ, ‘ಲೋ’ ಆದವರು ಆ ಹೊತ್ತಿನಲ್ಲಿ ಆಡುವ ಸಿಟ್ಟಿನ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಯಾವ ಹೊತ್ತಿಗೆ ಇಳಿಯಿತು, ಎಷ್ಟಿತ್ತು, ಅದಕ್ಕೆ ಮುಂಚೆ ಏನು ತಿಂದಿದ್ದರು ಎಂದು ಪುಸ್ತಕದಲ್ಲಿ ಬರೆದಿಟ್ಟು ವೈದ್ಯರಿಗೆ ತೋರಿಸಿ. ಮತ್ತೆ ಮತ್ತೆ ಹೀಗಾಗುತ್ತಿದ್ದರೆ ಔಷಧದ ಪ್ರಮಾಣವನ್ನೇ ಬದಲಿಸಬೇಕಾಗಬಹುದು. ಮೀಟರ್ ನೂರು ತೋರಿಸಿದ ಮೇಲೂ ಒಂದು ಗಂಟೆ ಅವರ ಜೊತೆಗಿರಿ. ಆ ಹೊತ್ತಿನ ಅಡುಗೆಯನ್ನು ಮನೆಯ ಬೇರೆ ಯಾರಾದರೂ ಮಾಡಲಿ.