ಒಳ್ಳೆ ಶಾರ್ಟ್‌ವೇವ್ ರೇಡಿಯೋ ಬೇಕಾ? ಮೊದಲು ಗದ್ದಲ ಅಳೆಯಿರಿ

"ಶಾರ್ಟ್‌ವೇವ್ ಇನ್ನೂ ಇದ್ಯಾ?" ಅಂತ ಕೇಳುವವರಿಗೆ ಮೊದಲು ಉತ್ತರ ಕೊಟ್ಟುಬಿಡೋಣ. ಇದೆ, ಆದರೆ ಮೊದಲಿನಷ್ಟಿಲ್ಲ. ರೇಡಿಯೋ ಆಸ್ಟ್ರೇಲಿಯಾ 2017ರಲ್ಲಿ ಶಾರ್ಟ್‌ವೇವ್ ಬಿಟ್ಟಿತು. ಬಿಬಿಸಿಯ ಹಿಂದಿ ಶಾರ್ಟ್‌ವೇವ್ ಪ್ರಸಾರ 2020ರ ಜನವರಿ ಕೊನೆಗೆ ನಿಂತಿತು. ಆದರೂ ಚೀನಾ, ರೊಮೇನಿಯಾ, ಟರ್ಕಿ, ಕೊರಿಯಾ, ನ್ಯೂಜಿಲೆಂಡ್ ಕಡೆಯ ಸ್ಟೇಷನ್‌ಗಳು ಉಳಿದುಕೊಂಡಿವೆ. ಅದರ ಜೊತೆಗೆ 7 ಮತ್ತು 14 ಮೆಗಾಹರ್ಟ್ಸ್‌ನಲ್ಲಿ ಮಾತಾಡುವ ಹ್ಯಾಮ್‌ಗಳಿದ್ದಾರೆ, ಸಮುದ್ರದ ಮೇಲೆ ಹಾರುವ ವಿಮಾನಗಳಿವೆ, ಸೆಕೆಂಡಿಗೊಮ್ಮೆ ಟಿಕ್ ಅನ್ನುವ ಟೈಮ್ ಸಿಗ್ನಲ್‌ಗಳಿವೆ. ಕಮ್ಯುನಿಕೇಷನ್ ಪುಸ್ತಕದಲ್ಲಿ ಓದಿದ ಎಎಂ, ಎಸ್‌ಎಸ್‌ಬಿ, ಫೇಡಿಂಗ್ ಎಲ್ಲವನ್ನೂ ಕಿವಿಯಲ್ಲಿ ಕೇಳಬೇಕು ಅಂದ್ರೆ ಇದಕ್ಕಿಂತ ಸುಲಭದ ದಾರಿ ಇಲ್ಲ.

ಸಾಮಾನ್ಯವಾಗಿ ಕಥೆ ಶುರುವಾಗೋದು ಹೀಗೆ. ಒಂದು ಅಗ್ಗದ ರೇಡಿಯೋ ಸಿಗುತ್ತೆ. ಹಾಸ್ಟೆಲ್ ರೂಮಿನಲ್ಲಿ ಹಾಕಿದರೆ ಬರೀ ಗುಂಯ್ ಅನ್ನುತ್ತೆ, ನಡುವೆ ಎಲ್ಲೋ ಒಂದು ಸ್ಟೇಷನ್ ನರಳುತ್ತೆ. "ಈ ಡಬ್ಬಾ ಸರಿಯಿಲ್ಲ, ಒಳ್ಳೇದು ತಗೋಬೇಕು" ಅಂತ ತೀರ್ಮಾನ ಆಗುತ್ತೆ. ತಿಂಗಳುಗಟ್ಟಲೆ ಉಳಿಸಿದ ದುಡ್ಡು ಹಾಕಿ ದೊಡ್ಡ ರೇಡಿಯೋ ತಂದರೆ ಅದೂ ಅದೇ ಗುಂಯ್! ಹೀಗಾಗೋದು ಯಾಕೆ ಅನ್ನೋದನ್ನ ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಯಾವ ರೇಡಿಯೋ ಕೊಳ್ಳಬೇಕು ಅನ್ನೋದಕ್ಕೂ ಆ ಲೆಕ್ಕದಲ್ಲೇ ಉತ್ತರ ಇದೆ.

ಸೆನ್ಸಿಟಿವಿಟಿ ಎಂಬ ಮರೀಚಿಕೆ

ರೇಡಿಯೋ ಜಾಹೀರಾತಿನಲ್ಲಿ ಮೊದಲು ಕಾಣೋದು ಸೆನ್ಸಿಟಿವಿಟಿ. ಆದರೆ ಶಾರ್ಟ್‌ವೇವ್‌ನಲ್ಲಿ ಗದ್ದಲ ಬಹುತೇಕ ಹೊರಗಿಂದ, ಆಂಟೆನಾ ಮೂಲಕ ಬರುತ್ತೆ. ಇದನ್ನು ಅಂದಾಜು ಮಾಡೋಕೆ ಐಟಿಯುನ ಪಿ.372 ಅನ್ನೋ ಶಿಫಾರಸಿನಲ್ಲಿ ಸೂತ್ರಗಳಿವೆ. ವಸತಿ ಪ್ರದೇಶಕ್ಕೆ 10 ಮೆಗಾಹರ್ಟ್ಸ್‌ನಲ್ಲಿ ಹೊರಗಿನ ನಾಯ್ಸ್ ಫಿಗರ್ ಸುಮಾರು 45 ಡಿಬಿ ಬರುತ್ತೆ. ನಗರಕ್ಕೆ ಸುಮಾರು 49, ಹಳ್ಳಿಗೆ ಸುಮಾರು 40, ತೀರಾ ಶಾಂತವಾದ ಹಳ್ಳಿಗಾಡಿಗೆ ಸುಮಾರು 25 ಡಿಬಿ.

ಈಗ ಎರಡು ರಿಸೀವರ್ ತಗೊಳ್ಳಿ. ಒಂದರ ನಾಯ್ಸ್ ಫಿಗರ್ 10 ಡಿಬಿ, ಇನ್ನೊಂದರದ್ದು 15 ಡಿಬಿ. ಕಾಗದದ ಮೇಲೆ 5 ಡಿಬಿ ವ್ಯತ್ಯಾಸ, ದೊಡ್ಡದೇ. ಆದರೆ 45 ಡಿಬಿ ಹೊರಗದ್ದಲದ ಜೊತೆ ಕೂಡಿಸಿದಾಗ ಒಟ್ಟು ಫಲಿತಾಂಶದಲ್ಲಿ ವ್ಯತ್ಯಾಸ ಒಂದು ಡಿಬಿಯ ನೂರನೇ ಒಂದು ಭಾಗದಷ್ಟೂ ಇರಲ್ಲ. ರೇಡಿಯೋದ ಗಿಡ್ಡ ಆಂಟೆನಾ 20 ಡಿಬಿ ಕಳೆದುಕೊಳ್ಳುತ್ತೆ ಅಂತ ಇಟ್ಟುಕೊಂಡರೂ ವ್ಯತ್ಯಾಸ ಸುಮಾರು 0.3 ಡಿಬಿ ಮಾತ್ರ. ಅದು ಕಿವಿಗೆ ಗೊತ್ತೇ ಆಗಲ್ಲ.

ಅದೇ ರೇಡಿಯೋವನ್ನು ಹಾಸ್ಟೆಲ್‌ನಿಂದ ಶಾಂತವಾದ ಹಳ್ಳಿಯ ತೋಟಕ್ಕೆ ಒಯ್ದರೆ? 45ರಿಂದ 25ಕ್ಕೆ ಇಳಿಯಿತು, ಅಂದ್ರೆ 20 ಡಿಬಿ ಲಾಭ. ಗದ್ದಲದ ಶಕ್ತಿ ನೂರನೇ ಒಂದು ಭಾಗಕ್ಕೆ ಇಳಿದ ಹಾಗೆ. ಎಷ್ಟೇ ದುಡ್ಡು ಕೊಟ್ಟು ರಿಸೀವರ್ ತಂದರೂ ಈ 20 ಡಿಬಿ ಸಿಗಲ್ಲ, ಊರಿನ ಬಸ್ ಟಿಕೆಟ್‌ಗೆ ಸಿಗುತ್ತೆ. ಆದ್ದರಿಂದ ವಿದ್ಯಾರ್ಥಿಗೆ ಒಳ್ಳೆ ರೇಡಿಯೋ ಅಂದ್ರೆ ಮೊದಲನೆಯದಾಗಿ ಬ್ಯಾಗಿನಲ್ಲಿ ಹಿಡಿಸುವ, ಬ್ಯಾಟರಿಯಲ್ಲಿ ಓಡುವ ರೇಡಿಯೋ.

ದುಡ್ಡು ಬಿಚ್ಚುವ ಮೊದಲು

ಈಗಿರುವ ಅಗ್ಗದ ರೇಡಿಯೋದಲ್ಲೇ ಒಂದು ಪರೀಕ್ಷೆ ಮಾಡಿ. ಬ್ಯಾಟರಿಯಲ್ಲಿ ಹಾಕಿ, ಸ್ಟೇಷನ್ ಇಲ್ಲದ ಒಂದು ಜಾಗಕ್ಕೆ ಟ್ಯೂನ್ ಮಾಡಿ, ರೂಮಿನ ವಸ್ತುಗಳನ್ನು ಒಂದೊಂದಾಗಿ ಆಫ್ ಮಾಡುತ್ತಾ ಬನ್ನಿ. ಲ್ಯಾಪ್‌ಟಾಪ್ ಚಾರ್ಜರ್, ಫೋನ್ ಚಾರ್ಜರ್, ಎಲ್‌ಇಡಿ ಟ್ಯೂಬ್‌ಲೈಟ್, ವೈಫೈ ರೂಟರ್ ಅಡಾಪ್ಟರ್, ಎಲೆಕ್ಟ್ರಾನಿಕ್ ಫ್ಯಾನ್ ರೆಗ್ಯುಲೇಟರ್. ಎಸ್‌ಎಂಪಿಎಸ್ ಮತ್ತು ಟ್ರಯಾಕ್ ಎಷ್ಟು ಹಾರ್ಮೋನಿಕ್ಸ್ ಎಬ್ಬಿಸುತ್ತವೆ ಅನ್ನೋದು ಪವರ್ ಎಲೆಕ್ಟ್ರಾನಿಕ್ಸ್ ಲ್ಯಾಬ್‌ಗಿಂತ ಇಲ್ಲಿ ಚೆನ್ನಾಗಿ ಅರ್ಥ ಆಗುತ್ತೆ. ಯಾವುದನ್ನು ತೆಗೆದಾಗ ಗದ್ದಲ ಧಡಕ್ಕನೆ ಇಳಿಯಿತೋ ಅದೇ ಕಳ್ಳ.

ಆಮೇಲೆ ಆಂಟೆನಾ. 5ರಿಂದ 10 ಮೀಟರ್ ತೆಳು ವೈರನ್ನು ಕಿಟಕಿಯಿಂದ ಹೊರಗೆ, ಗೋಡೆಯಿಂದ ದೂರ ಹೋಗುವ ಹಾಗೆ ಕಟ್ಟಿ, ಒಳಗಿನ ತುದಿಗೆ ಕ್ರೊಕಡೈಲ್ ಕ್ಲಿಪ್ ಹಾಕಿ ರೇಡಿಯೋದ ಆಂಟೆನಾಗೆ ಕಚ್ಚಿಸಿ. ಇದಕ್ಕಿಂತ ಉದ್ದ ಬೇಡ, ಸಣ್ಣ ರೇಡಿಯೋ ಓವರ್‌ಲೋಡ್ ಆಗಬಹುದು. ಕರೆಂಟ್ ಲೈನಿನ ಹತ್ತಿರ ವೈರ್ ಸುಳಿಯಲೇಬಾರದು. ಗುಡುಗು ಮಿಂಚು ಶುರುವಾಗುವ ಮೊದಲೇ ಕ್ಲಿಪ್ ತೆಗೆದಿಡಿ. ವೈರ್ ಕಟ್ಟೋಕೆ ಆಗಲ್ಲ ಅನ್ನುವವರಿಗೆ ಸಣ್ಣ ಲೂಪ್ ಆಂಟೆನಾ ಇದೆ. ಅದನ್ನು ತಿರುಗಿಸಿ ಗದ್ದಲದ ಮೂಲವನ್ನು ನಲ್ ದಿಕ್ಕಿಗೆ ತಂದರೆ ಎಷ್ಟೋ ಸಮಾಧಾನ.

ಇನ್ನೊಂದು ಉಚಿತ ಪಾಠ ಇದೆ. ನೆದರ್‌ಲೆಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದ ವೆಬ್‌ಎಸ್‌ಡಿಆರ್‌ನಲ್ಲಿ ಬ್ರೌಸರ್‌ನಿಂದಲೇ ಶಾರ್ಟ್‌ವೇವ್ ಟ್ಯೂನ್ ಮಾಡಬಹುದು. ಫಿಲ್ಟರ್ ಅಗಲ ಬದಲಿಸಿದರೆ ಏನಾಗುತ್ತೆ, ಎಸ್‌ಎಸ್‌ಬಿ ಹೇಗೆ ಟ್ಯೂನ್ ಮಾಡೋದು ಎಲ್ಲ ಅಲ್ಲೇ ಕಲಿಯಿರಿ. ಒಂದು ವಾರ ಕೇಳಿದ ಮೇಲೂ ಆಸೆ ಉಳಿದಿದ್ದರೆ ಕೊಳ್ಳುವ ಮಾತು.

ಹಾಗಾದ್ರೆ ದುಬಾರಿ ರೇಡಿಯೋದಲ್ಲಿ ಏನು ಸಿಗುತ್ತೆ?

ಬೇಡದ್ದನ್ನು ದೂರ ಇಡುವ ಶಕ್ತಿ ಸಿಗುತ್ತೆ. ನೋಡಬೇಕಾದ್ದು ನಾಲ್ಕು.

ಒಂದು, ಇಮೇಜ್ ತಡೆ. ಅಗ್ಗದ ಅನಲಾಗ್ ರೇಡಿಯೋಗಳು ಸಾಮಾನ್ಯವಾಗಿ ಸಿಂಗಲ್ ಕನ್ವರ್ಷನ್, ಐಎಫ್ 455 ಕಿಲೋಹರ್ಟ್ಸ್. ಲೋಕಲ್ ಆಸಿಲೇಟರ್ ಸಿಗ್ನಲ್‌ಗಿಂತ ಮೇಲಿದ್ದರೆ ಇಮೇಜ್ ಬರುವುದು 910 ಕಿಲೋಹರ್ಟ್ಸ್ ಆಚೆ. ಹಾಗಾಗಿ 11.900 ಮೆಗಾಹರ್ಟ್ಸ್‌ನ ಜೋರಾದ ಸ್ಟೇಷನ್ 10.990ರಲ್ಲೂ ಕೇಳಿಸುತ್ತೆ. ಅಲ್ಲಿ ಆ ಸ್ಟೇಷನ್ ಇಲ್ಲವೇ ಇಲ್ಲ! ಡಬಲ್ ಕನ್ವರ್ಷನ್ ಸೆಟ್‌ಗಳು ಮೊದಲ ಐಎಫ್ ಅನ್ನು 55 ಮೆಗಾಹರ್ಟ್ಸ್‌ನ ಆಸುಪಾಸಿಗೆ ಎತ್ತುತ್ತವೆ. ಆಗ ಇಮೇಜ್ ಎಷ್ಟೋ ದೂರ ಹೋಗುತ್ತೆ, ಸಾಧಾರಣ ಫಿಲ್ಟರ್‌ಗೂ ಅದನ್ನು ತಡೆಯೋದು ಸುಲಭ.

ಎರಡು, ಸೆಲೆಕ್ಟಿವಿಟಿ. ಪ್ರಸಾರದ ಬ್ಯಾಂಡ್‌ಗಳಲ್ಲಿ ಸ್ಟೇಷನ್‌ಗಳು 5 ಕಿಲೋಹರ್ಟ್ಸ್ ಅಂತರದಲ್ಲಿ ಕೂತಿರುತ್ತವೆ. ಪಕ್ಕದವನ ಮಾತು ಕೇಳಬಾರದು ಅಂದ್ರೆ ಕನಿಷ್ಠ ಎರಡು ಅಗಲದ ಫಿಲ್ಟರ್ ಬೇಕು. ಡಿಎಸ್‌ಪಿ ಚಿಪ್ ಇರುವ ಟೆಕ್‌ಸನ್ ಪಿಎಲ್-310ಇಟಿ ತರಹದ ಸಣ್ಣ ಸೆಟ್‌ನಲ್ಲೂ 1ರಿಂದ 6 ಕಿಲೋಹರ್ಟ್ಸ್‌ವರೆಗೆ ಐದು ಆಯ್ಕೆ ಇದೆ.

ಮೂರು, ಎಸ್‌ಎಸ್‌ಬಿ. ಇದಿಲ್ಲದಿದ್ದರೆ ಹ್ಯಾಮ್‌ಗಳ ಮಾತು ಬಾತುಕೋಳಿ ಕೂಗಿದ ಹಾಗಿರುತ್ತೆ. 7 ಮೆಗಾಹರ್ಟ್ಸ್‌ನಲ್ಲಿ ಎಲ್‌ಎಸ್‌ಬಿ, 14ರಲ್ಲಿ ಯುಎಸ್‌ಬಿ ವಾಡಿಕೆ. ಎಸ್‌ಎಸ್‌ಬಿ ಇದ್ದರೆ ಇಯರ್‌ಫೋನ್ ಔಟ್‌ಪುಟ್ ಲ್ಯಾಪ್‌ಟಾಪ್‌ಗೆ ಕೊಟ್ಟು 7.074ರಲ್ಲಿ ಎಫ್‌ಟಿ8 ಡಿಕೋಡ್ ಮಾಡಬಹುದು. ಒಳ್ಳೆ ಮಿನಿ ಪ್ರಾಜೆಕ್ಟ್. ಮೇಲೆ ಹೇಳಿದ 310ಇಟಿಯಲ್ಲಿ ಎಸ್‌ಎಸ್‌ಬಿ ಇಲ್ಲ ಅನ್ನೋದು ನೆನಪಿರಲಿ. ಎಕ್ಸ್‌ಎಚ್‌ಡೇಟಾ ಡಿ-808, ಟೆಕ್‌ಸನ್ ಪಿಎಲ್-330 ಇವುಗಳಲ್ಲಿ ಇದೆ.

ನಾಲ್ಕು, ಸಿಂಕ್ರನಸ್ ಡಿಟೆಕ್ಷನ್. ಅಯಾನುಗೋಳದಿಂದ ಬೇರೆ ಬೇರೆ ದಾರಿಯಲ್ಲಿ ಬಂದ ಅಲೆಗಳು ಒಂದನ್ನೊಂದು ಕಳೆದುಕೊಂಡಾಗ ಕೆಲವೊಮ್ಮೆ ಕ್ಯಾರಿಯರ್ ಮಾತ್ರ ಕುಸಿಯುತ್ತೆ. ಆಗ ಎನ್ವಲಪ್ ಡಿಟೆಕ್ಟರ್‌ಗೆ ಅದು ಓವರ್ ಮಾಡ್ಯುಲೇಷನ್ ತರಹ ಕಂಡು ದನಿ ಒಡೆಯುತ್ತೆ. ಸಿಂಕ್ ಇರುವ ಸೆಟ್ ತನ್ನದೇ ಕ್ಯಾರಿಯರ್ ಹುಟ್ಟಿಸಿ ಈ ಗುಂಡಿ ದಾಟುತ್ತೆ. ಟೆಕ್‌ಸನ್ ಪಿಎಲ್-660ರಲ್ಲಿ ಡಬಲ್ ಕನ್ವರ್ಷನ್, ಎಸ್‌ಎಸ್‌ಬಿ, ಸಿಂಕ್ ಮೂರೂ ಇವೆ. ಈಗ ತಯಾರಿ ನಿಂತಿರುವ ಸೋನಿ ಐಸಿಎಫ್-ಎಸ್‌ಡಬ್ಲ್ಯು7600ಜಿಆರ್‌ನಲ್ಲೂ ಇದ್ದವು. ಅದಕ್ಕೇ ಸೆಕೆಂಡ್ ಹ್ಯಾಂಡ್‌ನಲ್ಲಿ ಅದನ್ನು ಹುಡುಕುವವರು ಇನ್ನೂ ಇದ್ದಾರೆ.

ಎಸ್‌ಡಿಆರ್ ಡಾಂಗಲ್ ಸಾಕಲ್ವಾ?

ಲ್ಯಾಪ್‌ಟಾಪ್ ಹೇಗೂ ಇದೆ, ಆರ್‌ಟಿಎಲ್-ಎಸ್‌ಡಿಆರ್ ತಗೊಂಡ್ರೆ ಆಯ್ತಲ್ಲ ಅನ್ನೋದು ನಮ್ಮವರ ಸಹಜ ಯೋಚನೆ. ಕಲಿಯೋಕೆ ಅದು ಭರ್ಜರಿ. ವಾಟರ್‌ಫಾಲ್‌ನಲ್ಲಿ ಇಡೀ ಬ್ಯಾಂಡ್ ಕಣ್ಣಿಗೆ ಕಾಣುತ್ತೆ. ಆದರೆ ಮಿತಿ ತಿಳಿದಿರಲಿ. ಅದರ ಎಡಿಸಿ 8 ಬಿಟ್. 6.02 ಗುಣಿಸು 8, ಕೂಡಿಸು 1.76, ಅಂದ್ರೆ ಸುಮಾರು 50 ಡಿಬಿ. ಜೋರಾದ ಸಿಗ್ನಲ್ ಒಂದು ಬಂದು ಕೂತರೆ ಸಣ್ಣವಕ್ಕೆ ಜಾಗ ಇರಲ್ಲ. ನಮ್ಮಲ್ಲಿ ಆ ಜೋರಾದ ಸಿಗ್ನಲ್ ಬೆಂಗಳೂರಿನ 612 ಅಥವಾ ಧಾರವಾಡದ 765 ಕಿಲೋಹರ್ಟ್ಸ್ ಮೀಡಿಯಂ ವೇವ್ ಆಕಾಶವಾಣಿಯೇ ಆಗಿರಬಹುದು. ಹತ್ತಿರ ಇರುವವರು ಮೀಡಿಯಂ ವೇವ್ ತಡೆಯುವ ಹೈ ಪಾಸ್ ಫಿಲ್ಟರ್ ಹಾಕಲೇಬೇಕು. ಮೂರು ಇಂಡಕ್ಟರ್, ನಾಲ್ಕು ಕೆಪಾಸಿಟರ್‌ನಲ್ಲಿ ನೀವೇ ಕಟ್ಟಬಹುದು.

ಇನ್ನೊಂದು ತೊಡಕು. ಡಾಂಗಲ್‌ನ ವಿ3 ಮಾದರಿ ಶಾರ್ಟ್‌ವೇವ್‌ಗೆ ಡೈರೆಕ್ಟ್ ಸ್ಯಾಂಪ್ಲಿಂಗ್ ಬಳಸುತ್ತೆ, ಗಡಿಯಾರ 28.8 ಮೆಗಾಹರ್ಟ್ಸ್. ನೈಕ್ವಿಸ್ಟ್ ಪ್ರಕಾರ 14.4ರಲ್ಲಿ ಮಡಚಿಕೊಳ್ಳುತ್ತೆ, ಆದ್ದರಿಂದ 19.4ರಲ್ಲಿ ಇರುವುದು 9.4ರಲ್ಲೂ ಇಣುಕುತ್ತೆ. ವಿ4ರಲ್ಲಿ ಅಪ್‌ಕನ್ವರ್ಟರ್ ಇರುವುದರಿಂದ ಈ ಕಾಟ ಇಲ್ಲ. ಎಸ್‌ಡಿಆರ್‌ಪ್ಲೇಯ ಆರ್‌ಎಸ್‌ಪಿ1ಎ ತರಹದ 14 ಬಿಟ್ ಸಾಧನಗಳು ಇನ್ನೂ ಮೇಲು. ಆದರೆ ಇವೆಲ್ಲಕ್ಕೂ ಲ್ಯಾಪ್‌ಟಾಪ್ ಬೇಕು, ಲ್ಯಾಪ್‌ಟಾಪೇ ಗದ್ದಲದ ಗೂಡು. ಚಾರ್ಜರ್ ಕಿತ್ತು ಓಡಿಸಿ, ಯುಎಸ್‌ಬಿ ಕೇಬಲ್‌ಗೆ ಫೆರೈಟ್ ಹಾಕಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ

ಹೊಸದು ಹೊರದೇಶದಿಂದ ತರಿಸಿದರೆ ಸುಂಕ, ತೆರಿಗೆ, ಸಾಗಣೆ ಎಲ್ಲ ಸೇರುತ್ತೆ. ಕೆಟ್ಟರೆ ವಾಪಸ್ ಕಳಿಸೋದೂ ಕಷ್ಟ. ಹಾಗಾಗಿ ಹಳೆಯದು ಕಣ್ಣಿಗೆ ಬೀಳುತ್ತೆ. ಕೈಯಲ್ಲಿ ಹಿಡಿದು ನೋಡದೆ ದುಡ್ಡು ಕೊಡಬೇಡಿ. ಹೋಗುವಾಗ ಹೊಸ ಸೆಲ್‌ಗಳು, ಇಯರ್‌ಫೋನ್, ನಾಲ್ಕೈದು ಮೀಟರ್ ವೈರ್ ಜೊತೆಗಿರಲಿ.

"ವರ್ಕಿಂಗ್ ಕಂಡೀಷನ್" ಅಂದ್ರೆ ಎಷ್ಟೋ ಸಲ ಎಫ್‌ಎಂ ಬರುತ್ತೆ ಅಂತ ಮಾತ್ರ ಅರ್ಥ. ಶಾರ್ಟ್‌ವೇವ್ ಪರೀಕ್ಷಿಸೋಕೆ ಸಂಜೆ ಏಳರ ಮೇಲೆ ಹೋಗಿ. ಆಗ 49, 41, 31 ಮೀಟರ್ ಬ್ಯಾಂಡ್‌ಗಳು, ಅಂದ್ರೆ ಸುಮಾರು 6, 7.3, 9.6 ಮೆಗಾಹರ್ಟ್ಸ್, ಜೀವಂತ ಇರುತ್ತವೆ. ಮಧ್ಯಾಹ್ನವಾದರೆ 15 ಮತ್ತು 17 ಮೆಗಾಹರ್ಟ್ಸ್ ನೋಡಿ. ಮಟಮಟ ಮಧ್ಯಾಹ್ನ 49 ಮೀಟರ್ ಮೌನವಾಗಿದ್ದರೆ ರೇಡಿಯೋ ಕೆಟ್ಟಿದೆ ಅಂತಲ್ಲ.

ಆಂಟೆನಾ ಮಡಚಿ ಸ್ಟೇಷನ್ ಇಲ್ಲದ ಕಡೆ ಟ್ಯೂನ್ ಮಾಡಿ, ಆಮೇಲೆ ವೈರ್ ಕಚ್ಚಿಸಿ. ಗದ್ದಲ ಸ್ಪಷ್ಟವಾಗಿ ಏರಿದರೆ ಸೆನ್ಸಿಟಿವಿಟಿ ಸಾಕಷ್ಟಿದೆ. ಏನೂ ಬದಲಾಗದಿದ್ದರೆ ಸ್ಟ್ಯಾಟಿಕ್ ಹೊಡೆದು ಮುಂಭಾಗದ ಎಫ್‌ಇಟಿ ಹೋಗಿರಬಹುದು. ಡಯಲ್ ಸರಿಯಿದೆಯಾ ಅಂತ ತಿಳಿಯೋಕೆ 10.000 ಮೆಗಾಹರ್ಟ್ಸ್‌ನಲ್ಲಿ ಚೀನಾದ ಬಿಪಿಎಂ ಟೈಮ್ ಸಿಗ್ನಲ್ ಹುಡುಕಿ. ಎಸ್‌ಎಸ್‌ಬಿಗೆ 7.1ರ ಆಸುಪಾಸಿನ ಹ್ಯಾಮ್ ಮಾತು ಹಿಡಿದು ಹತ್ತು ನಿಮಿಷ ಬಿಡಿ, ದನಿ ಸರಿಯುತ್ತಾ ಹೋದರೆ ಆಸಿಲೇಟರ್ ನಿಲ್ಲುತ್ತಿಲ್ಲ ಅಂತ.

ಬ್ಯಾಟರಿ ಖಾನೆಯಲ್ಲಿ ಹಸಿರು, ಬಿಳಿ ಪುಡಿ ಇದೆಯಾ? ಎಲ್ಲ ಬಟನ್ ಒತ್ತಿ, ಟ್ಯೂನಿಂಗ್ ಗುಂಡಿ ನಿಧಾನ ತಿರುಗಿಸಿ, ಹಾರುತ್ತಾ ನೋಡಿ. ವಾಲ್ಯೂಮ್ ಕರಕರ ಅಂದರೆ ಚಿಂತೆಯಿಲ್ಲ, ಕ್ಲೀನರ್ ಹೊಡೆದರೆ ಹೋಗುತ್ತೆ. ಆದರೆ 1990ರ ಆಸುಪಾಸಿನ ಸೆಟ್‌ನಲ್ಲಿ ದನಿಯೇ ಕ್ಷೀಣವಾಗಿದ್ದರೆ ಸರ್ಫೇಸ್ ಮೌಂಟ್ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳು ಸೋರಿರಬಹುದು. ಸೋಲ್ಡರಿಂಗ್ ಚೆನ್ನಾಗಿ ಬರುವವರಿಗೆ ಅದು ಚೌಕಾಸಿಗೆ ಒಳ್ಳೆ ಕಾರಣ, ಬರದವರಿಗೆ ಬಿಟ್ಟು ಬರೋಕೆ ಕಾರಣ.

ಅಜ್ಜನ ಮನೆ ಅಟ್ಟದಲ್ಲಿ ಸಿಕ್ಕ ವಾಲ್ವ್ ರೇಡಿಯೋವನ್ನು ಮಾತ್ರ ನೇರ ಪ್ಲಗ್‌ಗೆ ಹಾಕಬೇಡಿ. ಟ್ರಾನ್ಸ್‌ಫಾರ್ಮರ್ ಇಲ್ಲದ ಎಸಿ/ಡಿಸಿ ಸೆಟ್‌ಗಳಲ್ಲಿ ಚಾಸಿಸ್‌ಗೇ ಮೇನ್ಸ್ ತಗುಲಿರುತ್ತೆ, ಮುಟ್ಟಿದರೆ ಪ್ರಾಣಕ್ಕೆ ಅಪಾಯ. ಗೊತ್ತಿರುವವರ ಕೈಗೆ ಕೊಡಿ.

ಕೊನೆಗೆ ಯಾವುದು?

ಮೊದಲ ಬಾರಿ ಕೊಳ್ಳುವವರು ಎಸ್‌ಎಸ್‌ಬಿ ಇರುವ ಸಣ್ಣ ಹೊಸ ಸೆಟ್ ಮತ್ತು ಹತ್ತು ಮೀಟರ್ ವೈರ್ ತಗೊಳ್ಳಿ. ಪ್ರಾಜೆಕ್ಟ್ ಕಡೆ ಮನಸ್ಸಿರುವವರಿಗೆ ಡಾಂಗಲ್ ಮತ್ತು ಫಿಲ್ಟರ್. ರಾತ್ರಿಯೆಲ್ಲ ದೂರದ ಸ್ಟೇಷನ್ ಕೇಳುವ ಹುಚ್ಚು ಹತ್ತಿದವರಿಗೆ ಸಿಂಕ್ ಇರುವ ಸೆಟ್, ಹೊಸದೋ ಹಳೆಯದೋ. ಯಾಸು, ಐಕಾಮ್ ಕಂಪನಿಗಳ ಭಾರಿ ಟೇಬಲ್ ರಿಸೀವರ್‌ಗಳು ಚೆನ್ನಾಗಿವೆ, ಆದರೆ ಹಾಸ್ಟೆಲ್ ಗದ್ದಲದಲ್ಲಿ ಅವುಗಳ ಗುಣ ಕಾಣಿಸೋದು ಕಷ್ಟ. ಸ್ವಂತ ಮನೆ, ಸ್ವಂತ ತಾರಸಿ ಆದ ಮೇಲೆ ಯೋಚಿಸಬಹುದು. ಕೇಳಿ ಕೇಳಿ ನೀವೂ ಮಾತಾಡಬೇಕು ಅನ್ನಿಸಿದರೆ ಹ್ಯಾಮ್ ಲೈಸೆನ್ಸ್ ಪರೀಕ್ಷೆ ಬರೆಯಿರಿ. ಅದಿಲ್ಲದೆ ಟ್ರಾನ್ಸ್‌ಮಿಟ್ ಮಾಡುವಂತಿಲ್ಲ.

ಈ ಸಲ ಸೆಮಿಸ್ಟರ್ ರಜೆಗೆ ಊರಿಗೆ ಹೋಗುವಾಗ, ಈಗಿರುವ ಅಗ್ಗದ ರೇಡಿಯೋವನ್ನೇ ಬ್ಯಾಗಿಗೆ ಹಾಕಿಕೊಳ್ಳಿ. ಸಂಜೆ ಮನೆಯಿಂದ ಸ್ವಲ್ಪ ದೂರ ಹೋಗಿ 31 ಮೀಟರ್ ಬ್ಯಾಂಡ್ ತಿರುಗಿಸಿ, ಎಷ್ಟು ಸ್ಟೇಷನ್ ಸಿಕ್ಕವು ಅಂತ ಬರೆದಿಡಿ. ಹಾಸ್ಟೆಲ್‌ನಲ್ಲಿ ಸಿಕ್ಕ ಸಂಖ್ಯೆಯ ಪಕ್ಕ ಇಟ್ಟು ನೋಡಿದ ಮೇಲೆ ಹೊಸದು ಬೇಕೋ ಬೇಡವೋ ತೀರ್ಮಾನಿಸಿ.