ಕಣಿವೆಯ ಊರು ಮತ್ತು ಕಾಳ್ಗಿಚ್ಚು: ಕೆಲವು ತಪ್ಪು ಕಲ್ಪನೆಗಳು

ಲಾಸ್ ಏಂಜಲೀಸ್ ನಗರದ ಪಶ್ಚಿಮಕ್ಕೆ, ಸಾಂಟಾ ಮೋನಿಕಾ ಬೆಟ್ಟಸಾಲಿನ ಮಡಿಲಲ್ಲಿರುವ ಟೊಪ್ಯಾಂಗಾ ಕಣಿವೆಯೂ ನೆರೆಯ ಮ್ಯಾಲಿಬುವೂ 1993ರ ನವೆಂಬರ್‌ನ ಕಾಳ್ಗಿಚ್ಚಿನಲ್ಲಿ ಮೂರು ಜೀವಗಳನ್ನೂ ಮುನ್ನೂರಕ್ಕೂ ಹೆಚ್ಚು ಮನೆಗಳನ್ನೂ ಕಳೆದುಕೊಂಡವು. 2025ರ ಜನವರಿ 7ರಂದು ಹತ್ತಿರದ ಪೆಸಿಫಿಕ್ ಪ್ಯಾಲಿಸೇಡ್ಸ್‌ನಲ್ಲಿ ಎದ್ದ ಬೆಂಕಿಗೆ ಕಣಿವೆಯ ಜನ ಮತ್ತೆ ಮನೆ ತೊರೆಯಬೇಕಾಯಿತು. ಇಂಥ ಊರುಗಳ ಮೇಲಿನ ಪ್ರೀತಿ ಎಷ್ಟು ಗಾಢವಾಗಿದ್ದರೂ, ಬೆಂಕಿಯ ನಡೆಯನ್ನು ತಪ್ಪಾಗಿ ತಿಳಿದಲ್ಲಿ ರಕ್ಷಣೆಯ ಶ್ರಮವೆಲ್ಲ ಬೇಡದ ಕಡೆಗೆ ಹರಿದುಹೋಗುತ್ತದೆ.

ಜ್ವಾಲೆಯ ಗೋಡೆಯೊಂದು ಬೆಟ್ಟದಿಂದಿಳಿದು ಮನೆಗಳನ್ನು ನುಂಗುತ್ತದೆಂಬುದು ಎಲ್ಲಕ್ಕಿಂತ ವ್ಯಾಪಕವಾದ ನಂಬಿಕೆ. ಅಮೆರಿಕದ ಅರಣ್ಯ ಸೇವೆಯ ವಿಜ್ಞಾನಿ ಜ್ಯಾಕ್ ಕೋಹೆನ್ ಕೆನಡಾದ ಕಾಡಿನಲ್ಲಿ ನಡೆಸಿದ ಪ್ರಯೋಗಗಳಲ್ಲಿ, ಉರಿಯುವ ಮರಗಳಿಂದ 10 ಮೀಟರ್ ದೂರದ ಮರದ ಗೋಡೆಗಳು ಕೆಲವು ಸಲ ಹೊತ್ತಿಕೊಂಡರೂ 20 ಮೀಟರ್ ಆಚೆಯವು ಹೊತ್ತಿಕೊಳ್ಳಲಿಲ್ಲ. ಮನೆಗಳನ್ನು ಬಹುಪಾಲು ಸುಡುವುದು ಗಾಳಿಯಲ್ಲಿ ಕಿಲೋಮೀಟರುಗಟ್ಟಲೆ ಹಾರಿಬರುವ ಕಿಡಿಕೆಂಡಗಳು. ಸೂರಂಚಿನ ಮಳೆನೀರಿನ ದೋಣಿಯಲ್ಲಿ ತುಂಬಿದ ತರಗೆಲೆ, ಗೋಡೆಗೆ ಒರಗಿಸಿಟ್ಟ ಸೌದೆ, ಮರದ ಜಗಲಿಯ ಮೇಲಿನ ಕಾಲೊರಸು, ಅಟ್ಟದ ಗಾಳಿಗಿಂಡಿ ಇವುಗಳಲ್ಲಿ ಯಾವುದಾದರೊಂದರಲ್ಲಿ ಕೂತ ಕೆಂಡವು ಯಾರ ಕಣ್ಣಿಗೂ ಬೀಳದೆ ಹೊಗೆಯಾಡಿ, ಜ್ವಾಲೆ ಮುಂದೆ ಸಾಗಿದ ಎಷ್ಟೋ ಗಂಟೆಗಳ ಬಳಿಕ ಮನೆಯನ್ನು ಹೊತ್ತಿಸಬಲ್ಲದು. ಹಾಗೆ ಹೊತ್ತಿದ ಮನೆಯೇ ಪಕ್ಕದ ಮನೆಗೆ ಬೆಂಕಿ ಹಚ್ಚುತ್ತದೆ. ಆದ್ದರಿಂದ ಗಾಳಿಗಿಂಡಿಗೆ ಸುಮಾರು 3 ಮಿಲಿಮೀಟರ್ ಅಥವಾ ಅದಕ್ಕಿಂತ ಸಣ್ಣ ಕಣ್ಣಿನ ಲೋಹದ ಜಾಲರಿ ಹಾಕುವುದು, ಗೋಡೆಯ ಬುಡದಿಂದ ಒಂದೂವರೆ ಮೀಟರಿನೊಳಗೆ ಉರಿಯುವ ವಸ್ತುವನ್ನೇ ಇಡದಿರುವುದು ಅತ್ಯಂತ ಅಗ್ಗದ ಮತ್ತು ಅತ್ಯಂತ ಫಲಕಾರಿಯಾದ ರಕ್ಷಣೆಗಳಲ್ಲಿ ಸೇರುತ್ತವೆ.

ಹಾಗಾದರೆ ಬೆಟ್ಟವನ್ನೇ ಬೋಳಿಸಿಬಿಡಬೇಕೆಂಬ ವಾದವೂ ನಿಲ್ಲುವುದಿಲ್ಲ. ಅಲ್ಲಿನ ಸಹಜ ಸಸ್ಯಸಮುದಾಯವಾದ ಚಾಪರಲ್, ಅಂದರೆ ಗಡುಸೆಲೆಯ ಕುರುಚಲು ಕಾಡು, ಪದೇಪದೇ ಸವರಲ್ಪಟ್ಟರೆ ಅಥವಾ ಸುಟ್ಟರೆ ಅದರ ಜಾಗವನ್ನು ಹೊರಗಿನಿಂದ ಬಂದ ಹುಲ್ಲು ಆಕ್ರಮಿಸುತ್ತದೆ. ಆ ಹುಲ್ಲು ಬೇಗ ಒಣಗಿ ಇನ್ನೂ ಸುಲಭವಾಗಿ ಹೊತ್ತಿಕೊಳ್ಳುತ್ತದೆ. ಕ್ಯಾಲಿಫೋರ್ನಿಯಾದ ಕಾನೂನು ಮನೆಯ ಸುತ್ತ ಸುಮಾರು 30 ಮೀಟರಿನಷ್ಟು ಜಾಗದಲ್ಲಿ ಗಿಡಗಂಟಿಗಳನ್ನು ವಿರಳಗೊಳಿಸಲು ಹೇಳುತ್ತದೆಯೇ ಹೊರತು ಇಡೀ ಗುಡ್ಡವನ್ನು ಕೆರೆಯಲು ಹೇಳುವುದಿಲ್ಲ.

ವಿಮಾನಗಳೂ ಬೀದಿಯ ನೀರಿನ ಕೊಳವೆಗಳೂ ಊರನ್ನು ಉಳಿಸುತ್ತವೆಂಬ ಭರವಸೆಗೆ ಮಿತಿಯುಂಟು. ಒಳನಾಡಿನ ಎತ್ತರದ ಮರುಭೂಮಿಯಿಂದ ಕರಾವಳಿಯತ್ತ ಇಳಿಯುತ್ತ, ಇಳಿದಂತೆಲ್ಲ ಒತ್ತಡಕ್ಕೊಳಗಾಗಿ ಬಿಸಿಯೂ ಶುಷ್ಕವೂ ಆಗುವ ಸಾಂಟಾ ಆನಾ ಗಾಳಿ ಜನವರಿ 7ರ ರಾತ್ರಿ ಎಷ್ಟು ಬಿರುಸಾಗಿತ್ತೆಂದರೆ ವಿಮಾನಗಳು ಹಾರಲಾಗಲಿಲ್ಲ. ಮರುದಿನ ನಸುಕಿನ ಹೊತ್ತಿಗೆ ಪ್ಯಾಲಿಸೇಡ್ಸ್‌ನ ಮೂರು ನೀರಿನ ತೊಟ್ಟಿಗಳು ಬರಿದಾಗಿದ್ದವು. ಬೀದಿಯ ನೀರಿನ ಜಾಲವನ್ನು ಒಂದೆರಡು ಮನೆಗಳ ಬೆಂಕಿಗೆಂದು ಕಟ್ಟಿರುತ್ತಾರೆ, ಊರೇ ಉರಿಯುವಾಗ ಅದು ಸಾಲದು.

ಜ್ವಾಲೆ ಕಣ್ಣಿಗೆ ಕಂಡ ಮೇಲೆ ಹೊರಟರೂ ಸಾಕೆಂಬ ನಂಬಿಕೆ ಪ್ರಾಣಕ್ಕೇ ಎರವಾಗುತ್ತದೆ. ಇಳಿಜಾರಿನಲ್ಲಿ ಮೇಲೇರುವ ಬೆಂಕಿ ತನ್ನ ಮುಂದಿನ ಗಿಡಗಳನ್ನು ಕಾಯಿಸಿ ಒಣಗಿಸುತ್ತ ವೇಗ ಹೆಚ್ಚಿಸಿಕೊಳ್ಳುತ್ತದೆ, ಕಣಿವೆಯ ರಸ್ತೆಗಳೋ ಕಿರಿದು, ಅಂಕುಡೊಂಕು. ಪ್ಯಾಲಿಸೇಡ್ಸ್‌ನಲ್ಲಿ ಸಾಲುಗಟ್ಟಿ ನಿಂತ ಕಾರುಗಳನ್ನು ಬಿಟ್ಟು ಜನ ಕಾಲ್ನಡೆಯಲ್ಲಿ ಓಡಿದರು. ಅಗ್ನಿಶಾಮಕ ವಾಹನಗಳಿಗೆ ದಾರಿ ಮಾಡಲು ಆ ಕಾರುಗಳನ್ನು ಬುಲ್ಡೋಜರ್‌ನಿಂದ ತಳ್ಳಬೇಕಾಯಿತು. ಅಲ್ಲಿ ಸ್ಥಳಾಂತರದ ಸೂಚನೆ ಎರಡು ಹಂತಗಳಲ್ಲಿ ಬರುತ್ತದೆ: ಮೊದಲು ಎಚ್ಚರಿಕೆ, ಬಳಿಕ ಆದೇಶ. ವೃದ್ಧರು, ರೋಗಿಗಳು, ಕುದುರೆಯಂಥ ದೊಡ್ಡ ಪ್ರಾಣಿಗಳನ್ನು ಸಾಕಿದವರು ಆದೇಶಕ್ಕೆ ಕಾಯದೆ ಮೊದಲ ಎಚ್ಚರಿಕೆಗೇ ಹೊರಡಬೇಕು.